ಅಜ್ಜಿಯ ಕೊರಳ ಪವನು ಅಸಲಿಯೇ? ಒಡವೆಯಾದ ಬ್ರಿಟಿಷ್ ಚಿನ್ನದ ನಾಣ್ಯವನ್ನು ಗುರುತಿಸುವ ಕ್ರಮ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಭಾಗದಲ್ಲಿ ನೆಲೆಸಿರುವ ಜೈನ ಕುಟುಂಬಗಳಲ್ಲಿ ಮೂಲ ಊರು ಮೂಡುಬಿದಿರೆ, ಕಾರ್ಕಳ, ಹಾಸನ, ತುಮಕೂರು, ಬೆಳಗಾವಿ ಎಂದು ಹೇಳುವವರು ಅನೇಕರು. ಊರಿನ ಮನೆಯಿಂದ ಬಂದ ಒಡವೆಗಳ ಜೊತೆ ಬ್ರಿಟಿಷ್ ರಾಜನ ಅಥವಾ ರಾಣಿಯ ತಲೆಯಿರುವ ಚಿನ್ನದ ಕಾಸು ಒಂದೆರಡು ಬಂದಿರುವುದುಂಟು. ಕೆಲವು ಪದಕವಾಗಿರುತ್ತವೆ, ಕೆಲವು ಕಾಸಿನ ಸರದಲ್ಲಿ ಪೋಣಿಸಿರುತ್ತವೆ, ಕೆಲವು ಉಂಗುರದ ಮೇಲೆ ಕೂತಿರುತ್ತವೆ.

ಹಿರಿಯರು ತೀರಿಕೊಂಡು ಮನೆ ಪಾಲಾಗುವಾಗ, ಮಗಳ ಮದುವೆಗೆ ಹಳೆಯ ಒಡವೆ ಕೊಟ್ಟು ಹೊಸದು ಮಾಡಿಸುವಾಗ, ಅಥವಾ ಅಡವಿಡುವಾಗ ಪ್ರಶ್ನೆ ಏಳುತ್ತದೆ: ಇದು ಅಸಲಿ ನಾಣ್ಯವೇ, ಅಕ್ಕಸಾಲಿಗರು ಅಚ್ಚೊತ್ತಿ ಮಾಡಿದ ಕಾಸೇ? ಉತ್ತರ ತಿಳಿಯದೆ ಪಾಲು ಮಾಡಿದರೆ ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಹೋಗುತ್ತದೆ. ತಿಳಿಯದೆ ಕರಗಿಸಿದರೆ ಮತ್ತೆ ತಿಳಿಯುವ ದಾರಿಯೇ ಇರುವುದಿಲ್ಲ. ಆದ್ದರಿಂದ ಮೊದಲು ನೋಡುವುದು, ನಂತರ ತೂಗುವುದು, ಆಮೇಲೆ ಪರೀಕ್ಷೆ ಮಾಡಿಸುವುದು, ಕೊನೆಗೆ ನಿರ್ಧಾರ ಎಂಬ ಕ್ರಮವನ್ನು ಪಾಲಿಸುವುದು ಒಳ್ಳೆಯದು.

ಹೆಸರಿನ ಗೊಂದಲ

ಇಂಗ್ಲಿಷರು ಸವರಿನ್ ಎಂದು ಕರೆದ ನಾಣ್ಯಕ್ಕೆ ಹಳೆ ಮೈಸೂರಿನ ಕಡೆ ಸವರನ್ನು, ಪೌನು ಎಂದೂ ಕರಾವಳಿಯಲ್ಲಿ ಪವನು ಎಂದೂ ಉತ್ತರ ಕರ್ನಾಟಕದಲ್ಲಿ ಗಿನ್ನಿ ಎಂದೂ ಹೇಳುವ ರೂಢಿ ಇದೆ. ಪೌಂಡು ಎಂಬ ಮಾತೇ ಪವನು ಆಗಿದೆ. ನಿಜವಾದ ಗಿನ್ನಿ ಬೇರೆ. ಅದು ಸವರನ್ನಿಗಿಂತ ಹಿಂದಿನ, ಸುಮಾರು 8.4 ಗ್ರಾಂ ತೂಕದ ನಾಣ್ಯ. ಅದು ನಿಂತುಹೋದ ಮೇಲೂ ಹೆಸರು ಉಳಿಯಿತು.

ಇಂದು ಪವನು ಎಂದರೆ 8 ಗ್ರಾಂ ಎಂಬ ತೂಕದ ಅರ್ಥವೂ ಇದೆ. "ಅಮ್ಮನ ಹತ್ತಿರ ಐದು ಪವನು ಇತ್ತು" ಎಂದು ಮನೆಯವರು ಹೇಳಿದರೆ ಐದು ನಾಣ್ಯ ಎಂದೂ ಆಗಬಹುದು, 40 ಗ್ರಾಂ ಒಡವೆ ಎಂದೂ ಆಗಬಹುದು. ಹಳೆಯ ಚೀಟಿ, ಉಯಿಲು, ಅಡವಿನ ರಸೀದಿ ಓದುವಾಗ ಈ ವ್ಯತ್ಯಾಸ ನೆನಪಿರಬೇಕು.

ನಾಣ್ಯ ಮನೆಗೆ ಬಂದ ದಾರಿ

ಈಗಿನ ಮಾದರಿಯ ಸವರನ್ನು ಲಂಡನ್ನಿನಲ್ಲಿ 1817ರಲ್ಲಿ ಆರಂಭವಾಯಿತು. ಭಾರತದಲ್ಲಿ 1899ರ ಕಾಯ್ದೆಯಿಂದ ಅದು 15 ರೂಪಾಯಿಗೆ ಸಮನಾದ ಕಾನೂನುಬದ್ಧ ಹಣವಾಯಿತು. 1920ರಲ್ಲಿ ಅದರ ದರವನ್ನು 10 ರೂಪಾಯಿಗೆ ಇಳಿಸಲಾಯಿತು. 1927ರ ಕಾಯ್ದೆಯಿಂದ ಅದು ಚಲಾವಣೆಯ ಹಣವಾಗಿ ಉಳಿಯಲಿಲ್ಲ; ಸರ್ಕಾರ ಅದನ್ನು 13 ರೂಪಾಯಿ 5 ಆಣೆ 4 ಪೈಗೆ ಸ್ವೀಕರಿಸುತ್ತಿತ್ತು.

ಆ ಕಾಲದಲ್ಲಿ ಇದು ಹಣವೂ ಹೌದು, ಚಿನ್ನವೂ ಹೌದು. ತೂಕ ಮತ್ತು ಶುದ್ಧತೆ ಎರಡಕ್ಕೂ ಟಂಕಸಾಲೆಯೇ ಹೊಣೆ. ಕೊಳ್ಳುವವರು ಒರೆ ಹಚ್ಚುವ ಅಗತ್ಯವಿರಲಿಲ್ಲ. ಕೊಂಡಿ ಹಾಕಿಸಿ ಕೊರಳಿಗೆ ಏರಿಸಿದರೆ ಒಡವೆ, ಕಷ್ಟ ಬಂದರೆ ಬಂಡವಾಳ.

ನೋಡಬೇಕಾದ ಮೊದಲ ಗುರುತು: ತಲೆ ಮತ್ತು ಇಸವಿ

ಹಗಲು ಬೆಳಕು, ಒಂದು ಭೂತಗನ್ನಡಿ ಸಾಕು. ಒಂದು ಮಗ್ಗುಲಲ್ಲಿ ರಾಜನ ಅಥವಾ ರಾಣಿಯ ತಲೆ ಇರುತ್ತದೆ. ಇನ್ನೊಂದು ಮಗ್ಗುಲಲ್ಲಿ ಸಾಮಾನ್ಯವಾಗಿ ಕುದುರೆ ಮೇಲೆ ಕೂತು ಘಟಸರ್ಪದಂಥ ಡ್ರ್ಯಾಗನ್ನನ್ನು ಕೊಲ್ಲುತ್ತಿರುವ ಸೇಂಟ್ ಜಾರ್ಜ್ ಇರುತ್ತಾನೆ. ಈ ಚಿತ್ರ ಕೆತ್ತಿದವರು ಇಟಲಿಯ ಬೆನೆಡೆಟ್ಟೊ ಪಿಸ್ಟ್ರೂಚಿ. ಅವರ ಹೆಸರಿನ ಮೊದಲ ಎರಡು ಅಕ್ಷರ ಬಿ.ಪಿ. ಇಸವಿಯ ಬಲಕ್ಕೆ ತೀರ ಸಣ್ಣದಾಗಿ ಇರುತ್ತದೆ.

ತಲೆಗೂ ಇಸವಿಗೂ ಹೊಂದಿಕೆ ಇರಬೇಕು:

• ವಿಕ್ಟೋರಿಯಾ, ಎಳೆಯ ಮುಖ: 1838ರಿಂದ 1887. ಕಿರೀಟವಿಲ್ಲ, ಎಡಕ್ಕೆ ಮುಖ. ಹಿಂದೆ ಗುರಾಣಿ ಇರಬಹುದು. 1871ರ ನಂತರದವುಗಳಲ್ಲಿ ಸೇಂಟ್ ಜಾರ್ಜ್ ಕೂಡ ಇರಬಹುದು.
• ವಿಕ್ಟೋರಿಯಾ, ಸೆರಗು ಹೊದ್ದು ಮೇಲೆ ಪುಟ್ಟ ಕಿರೀಟ: 1887ರಿಂದ 1893.
• ವಿಕ್ಟೋರಿಯಾ, ಸೆರಗು ಹೊದ್ದ ಮುದಿ ಮುಖ: 1893ರಿಂದ 1901.
• ಏಳನೇ ಎಡ್ವರ್ಡ್: 1902ರಿಂದ 1910. ಗಡ್ಡವಿದೆ, ಕಿರೀಟವಿಲ್ಲ, ಬಲಕ್ಕೆ ಮುಖ.
• ಐದನೇ ಜಾರ್ಜ್: 1911ರಿಂದ 1932. ಗಡ್ಡವಿದೆ, ಕಿರೀಟವಿಲ್ಲ, ಎಡಕ್ಕೆ ಮುಖ.
• ಎರಡನೇ ಎಲಿಜಬೆತ್: 1957ರಿಂದ 2022. ಬಲಕ್ಕೆ ಮುಖ.

ಎಡ್ವರ್ಡ್ ಮತ್ತು ಜಾರ್ಜ್ ಇಬ್ಬರಿಗೂ ಗಡ್ಡವಿರುವುದರಿಂದ ತಪ್ಪು ತಿಳಿಯುವುದು ಸಹಜ. ಮುಖ ತಿರುಗಿರುವ ದಿಕ್ಕು ನೋಡಿದರೆ ಸಂಶಯ ಪರಿಹಾರವಾಗುತ್ತದೆ. ಜಾರ್ಜಿಯಸ್ ಎಂಬ ಲ್ಯಾಟಿನ್ ಹೆಸರಿನಲ್ಲಿ ಯು ಅಕ್ಷರದ ಜಾಗದಲ್ಲಿ ವಿ ಇರುತ್ತದೆ. ಅದು ಅಸಲಿಯಲ್ಲೂ ಹಾಗೆಯೇ, ತಪ್ಪಲ್ಲ. ಸುತ್ತಲ ಬರಹದ ಕೊನೆಯಲ್ಲಿ ಇಂಡ್: ಇಂಪ್: ಎಂದಿದ್ದರೆ ಭಾರತದ ಚಕ್ರವರ್ತಿ ಎಂದು ಅರ್ಥ.

ಅಸಲಿ ಸವರನ್ನಿನ ಮೇಲೆ ಸಾಮಾನ್ಯವಾಗಿ ಬೆಲೆ ಬರೆದಿರುವುದಿಲ್ಲ. 1855ರಿಂದ 1870ರವರೆಗೆ ಸಿಡ್ನಿಯಲ್ಲಿ ತಯಾರಾದ, ಆಸ್ಟ್ರೇಲಿಯಾ ಎಂಬ ಹೆಸರಿರುವ ನಾಣ್ಯಗಳು ಇದಕ್ಕೆ ಹೊರತು.

ಎರಡನೆಯ ಗುರುತು: ಟಂಕಸಾಲೆಯ ಅಕ್ಷರ

ಸವರನ್ನು ಲಂಡನ್ನಿನಲ್ಲಿ ಮಾತ್ರ ತಯಾರಾಗಲಿಲ್ಲ. ಬೇರೆ ಟಂಕಸಾಲೆಗಳು ತಮ್ಮ ಗುರುತಿನ ಸಣ್ಣ ಅಕ್ಷರವನ್ನು ಹಾಕುತ್ತಿದ್ದವು. ಎಸ್ ಎಂದರೆ ಸಿಡ್ನಿ, ಎಂ ಎಂದರೆ ಮೆಲ್ಬರ್ನ್, ಪಿ ಎಂದರೆ ಪರ್ತ್, ಸಿ ಎಂದರೆ ಕೆನಡಾದ ಒಟ್ಟಾವಾ, ಎಸ್‌ಎ ಎಂದರೆ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ. ಅಕ್ಷರವೇ ಇಲ್ಲದಿದ್ದರೆ ಲಂಡನ್. 1887ರ ನಂತರದ ನಾಣ್ಯಗಳಲ್ಲಿ ಈ ಅಕ್ಷರ ಕುದುರೆಯ ಕಾಲಡಿಯ ನೆಲದ ಪಟ್ಟಿಯಲ್ಲಿ, ಇಸವಿಯ ನಡುಭಾಗದ ಮೇಲೆ ಇರುತ್ತದೆ. ವಿಕ್ಟೋರಿಯಾ ಎಳೆಯ ಮುಖದ ನಾಣ್ಯಗಳಲ್ಲಿ ಕುತ್ತಿಗೆಯ ಕೆಳಗೆ ಅಥವಾ ಗುರಾಣಿಯ ಕೆಳಗೆ ಹುಡುಕಬೇಕು.

ಭಾರತದವರು ವಿಶೇಷವಾಗಿ ಹುಡುಕಬೇಕಾದ ಅಕ್ಷರ ಐ. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಲಂಡನ್ನಿನ ರಾಯಲ್ ಮಿಂಟ್ ಮುಂಬಯಿಯಲ್ಲಿ ಶಾಖೆ ತೆರೆದು ಸುಮಾರು 13 ಲಕ್ಷ ಸವರನ್ನುಗಳನ್ನು ತಯಾರಿಸಿತು. ಮರುವರ್ಷವೇ ಆ ಶಾಖೆ ಮುಚ್ಚಿತು. ಬ್ರಿಟಿಷರ ಕಾಲದಲ್ಲಿ ಭಾರತದ ನೆಲದಲ್ಲಿ ತಯಾರಾದ ಸವರನ್ನು ಇದೊಂದೇ. ಎಲಿಜಬೆತ್ ಮುಖವಿದ್ದು ಐ ಗುರುತಿದ್ದರೆ ಅದು ಹಳೆಯದಲ್ಲ. 2013ರಿಂದ ಎಂಎಂಟಿಸಿ-ಪ್ಯಾಂಪ್ ಸಂಸ್ಥೆ ಭಾರತದಲ್ಲಿ ತಯಾರಿಸಿದ ಸವರನ್ನು.

ಅದೇ 1918ರಲ್ಲಿ ಮುಂಬಯಿಯಲ್ಲಿ 15 ರೂಪಾಯಿಯ ಚಿನ್ನದ ನಾಣ್ಯವೂ ತಯಾರಾಯಿತು. ತೂಕ, ಅಳತೆ ಸವರನ್ನಿನದೇ. ಅದರಲ್ಲಿ ಕಿರೀಟ ಧರಿಸಿದ ಜಾರ್ಜ್, ಹಿಂದೆ 15 ರೂಪಾಯಿ ಎಂಬ ಬರಹ ಇರುತ್ತದೆ. ಕುದುರೆ ಇಲ್ಲ ಎಂದು ಅದನ್ನು ನಕಲಿ ಎಂದು ತಿಳಿದು ಕರಗಿಸಬಾರದು.

ಹೊಂದಿಕೆಯಾಗದ ಜೋಡಿಗಳು

ಕೆಲವು ನಾಣ್ಯಗಳು ತಮ್ಮ ಸುಳ್ಳನ್ನು ತಾವೇ ಹೇಳುತ್ತವೆ:

• ಜಾರ್ಜ್ ಮುಖ, ಐ ಗುರುತು, ಆದರೆ ಇಸವಿ 1918 ಅಲ್ಲ.
• ಟಂಕಸಾಲೆಯ ಅಕ್ಷರವೇ ಇಲ್ಲ, ಇಸವಿ 1918ರಿಂದ 1924ರೊಳಗೆ. ಲಂಡನ್ 1917ರ ನಂತರ 1925ರ ಇಸವಿಯನ್ನೇ ಹಾಕಿತು.
• ಸಿ ಗುರುತು, ಇಸವಿ 1919ರ ನಂತರದ್ದು.
• ಎಡ್ವರ್ಡ್ ಮುಖ, ಇಸವಿ 1912. ಅಥವಾ ಮುದಿ ವಿಕ್ಟೋರಿಯಾ, ಇಸವಿ 1880.

ಇಂಥ ಒಂದು ಗುರುತು ಕಂಡರೆ ಸಾಕು, ಅದು ಟಂಕಸಾಲೆಯದಲ್ಲ. ಆದರೆ ಚಿನ್ನವೇ ಅಲ್ಲ ಎಂದು ಅರ್ಥವಲ್ಲ. ಅದನ್ನು ಪರೀಕ್ಷೆಯೇ ಹೇಳಬೇಕು.

ಅಚ್ಚಿನ ಕಾಸು, ಪುತಳಿ ಮತ್ತು ನಕಲಿ ನಾಣ್ಯ

ನಾಣ್ಯದಂತೆ ಕಾಣುವುದೆಲ್ಲ ಮೋಸಕ್ಕೆಂದೇ ಮಾಡಿದ್ದಲ್ಲ. ಲಕ್ಷ್ಮಿ ಕಾಸಿನಂತೆ ರಾಣಿ ತಲೆಯ ಕಾಸನ್ನೂ ಅಕ್ಕಸಾಲಿಗರು ಅಂದಕ್ಕಾಗಿ ಅಚ್ಚೊತ್ತುತ್ತಾರೆ. ಉತ್ತರ ಕರ್ನಾಟಕದ ಪುತಳಿ ಸರದ ಪುತಳಿಯು ವೆನಿಸ್ ನಗರದ ಡ್ಯುಕಾಟ್ ಎಂಬ ನಾಣ್ಯದಿಂದ ಬಂದದ್ದು. ಅದರ ಅಸಲಿ ತೂಕ ಸುಮಾರು 3.5 ಗ್ರಾಂ. ಅದನ್ನು ನೋಡಿ ಇಲ್ಲಿ ಮಾಡಿದ ಅಚ್ಚುಗಳು ಬಹಳ. ಕೊಡುವಾಗ "ಇದು ಅಚ್ಚಿನ ಕಾಸು" ಎಂದು ಹೇಳಿದರೆ ತಪ್ಪೇನಿಲ್ಲ. ಎರಡು ತಲೆಮಾರು ಕಳೆದಾಗ ಆ ಮಾತು ಮರೆತು, "ಅಜ್ಜಿಯ ಪವನು" ಎಂಬುದು ಮಾತ್ರ ಉಳಿಯುತ್ತದೆ.

ಮೋಸದ ನಕಲಿಗಳೂ ಇವೆ. ಎರಡನೇ ಮಹಾಯುದ್ಧದ ನಂತರ ಸವರನ್ನಿಗೆ ಅದರೊಳಗಿನ ಚಿನ್ನಕ್ಕಿಂತ ಹೆಚ್ಚು ಬೆಲೆ ಸಿಗುತ್ತಿದ್ದುದರಿಂದ ಇಟಲಿ, ಲೆಬನಾನ್ ಮೊದಲಾದ ಕಡೆ ನಕಲಿ ನಾಣ್ಯಗಳು ತಯಾರಾದವು. ಇವುಗಳಲ್ಲಿ ಚಿನ್ನವೂ ಇರುತ್ತಿತ್ತು. ರಾಯಲ್ ಮಿಂಟ್ 1957ರಲ್ಲಿ ಮತ್ತೆ ಸವರನ್ನು ತಯಾರಿಸಲು ಈ ನಕಲಿಗಳ ಹಾವಳಿಯೂ ಒಂದು ಕಾರಣ.

ಭೂತಗನ್ನಡಿಯಲ್ಲಿ ನೋಡುವಾಗ:

• ಅಸಲಿಯಲ್ಲಿ ಅಕ್ಷರದ ಅಂಚು ಚೂಪಾಗಿ ನೇರವಾಗಿರುತ್ತದೆ. ಎರಕ ಹೊಯ್ದ ನಕಲಿಯಲ್ಲಿ ಅಕ್ಷರ ಸಾಬೂನಿನಂತೆ ಮೊಂಡಾಗಿರುತ್ತದೆ.
• ಬಯಲು ಭಾಗದಲ್ಲಿ ಸಣ್ಣ ಗುಳಿ, ಮೊಡವೆಯಂಥ ಉಬ್ಬು ಇದ್ದರೆ ಅನುಮಾನಿಸಬೇಕು.
• ಸುತ್ತಲಿನ ಅಂಚಿನಲ್ಲಿ ಸಮನಾದ ಗೆರೆ ಇರಬೇಕು. ಅಂಚಿನ ನಡುವೆ ಸುತ್ತ ಒಂದು ಕೂಡುಗೆರೆ ಕಂಡರೆ ಅದು ಎರಕದ ಗುರುತು.
• ಕಾಸಿನ ಸರದಲ್ಲಿ ಎಲ್ಲ ಕಾಸಿಗೂ ಒಂದೇ ಇಸವಿ, ಒಂದೇ ಜಾಗದಲ್ಲಿ ಒಂದೇ ತರಹದ ಕಚ್ಚು ಇದ್ದರೆ ಅವೆಲ್ಲ ಒಂದೇ ಅಚ್ಚಿನ ಮಕ್ಕಳು.

ಸವಕಲಿಗೂ ಮೊಂಡುತನಕ್ಕೂ ವ್ಯತ್ಯಾಸವಿದೆ. ಮೈಮೇಲೆ ಹಾಕಿ ಸವೆದ ನಾಣ್ಯದಲ್ಲಿ ಎತ್ತರದ ಭಾಗಗಳಾದ ಕೆನ್ನೆ, ಕೂದಲು, ಕುದುರೆಯ ತೊಡೆ ಮೊದಲು ನುಣುಪಾಗುತ್ತವೆ. ತಗ್ಗಿನ ಅಕ್ಷರಗಳ ಬುಡ ಚೂಪಾಗಿಯೇ ಉಳಿಯುತ್ತದೆ. ನಕಲಿಯಲ್ಲಿ ಎತ್ತರ, ತಗ್ಗು ಎರಡೂ ಮೊಂಡು.

ತೂಕ ಮತ್ತು ಅಳತೆ

ಪೂರ್ಣ ಸವರನ್ನು: ತೂಕ 7.988 ಗ್ರಾಂ, ಅಡ್ಡಳತೆ 22.05 ಮಿ.ಮೀ., ದಪ್ಪ ಸುಮಾರು 1.5 ಮಿ.ಮೀ. ಚಿನ್ನ 22 ಕ್ಯಾರೆಟ್, ಅಂದರೆ 916. ಅದರೊಳಗಿನ ಶುದ್ಧ ಚಿನ್ನ 7.32 ಗ್ರಾಂ.

ಅರ್ಧ ಸವರನ್ನು: ತೂಕ 3.994 ಗ್ರಾಂ, ಅಡ್ಡಳತೆ 19.30 ಮಿ.ಮೀ., ಶುದ್ಧ ಚಿನ್ನ 3.66 ಗ್ರಾಂ.

ಬ್ರಿಟಿಷ್ ಕಾನೂನಿನಲ್ಲಿ 7.94 ಗ್ರಾಂಗಿಂತ ಕಡಿಮೆಯಾದ ಪೂರ್ಣ ಸವರನ್ನು ಚಲಾವಣೆಗೆ ಸಲ್ಲುತ್ತಿರಲಿಲ್ಲ. ಒಡವೆಯಾಗಿ ಬಹಳ ವರ್ಷ ಸವೆದದ್ದು ಅದಕ್ಕಿಂತ ಸ್ವಲ್ಪ ಇಳಿದಿರಬಹುದು. ಆದರೆ ಅಕ್ಷರ ಚೆನ್ನಾಗಿ ಕಾಣುತ್ತಿದ್ದು, ತೂತೂ ಇಲ್ಲದೆ, ತೂಕ ಮಾತ್ರ 7 ಗ್ರಾಂ ಇದ್ದರೆ ಅದು ಸವೆದದ್ದಲ್ಲ. ಅಳತೆ ಸರಿಯಿದ್ದು ದಪ್ಪ ಹೆಚ್ಚಿದ್ದರೂ ಸಂಶಯ ಪಡಬೇಕು. ಹಗುರವಾದ ಲೋಹವನ್ನು ಅದೇ ತೂಕಕ್ಕೆ ತರಲು ದಪ್ಪ ಮಾಡಬೇಕಾಗುತ್ತದೆ.

ಒಡವೆಯಾದ ನಾಣ್ಯದ ಕಷ್ಟ ಇಲ್ಲಿಯೇ. ತಕ್ಕಡಿ ತೋರಿಸುವುದು ನಾಣ್ಯ, ಕಟ್ಟು, ಕೊಂಡಿ, ಬೆಸುಗೆ ಎಲ್ಲ ಸೇರಿದ ತೂಕ. ಮೊದಲು ನಾಣ್ಯ ಹೇಗೆ ಕೂತಿದೆ ಎಂದು ನೋಡಬೇಕು. ಸುತ್ತಲಿನ ಕಟ್ಟು ಹಲ್ಲುಗಳಿಂದ ಹಿಡಿದಿದ್ದರೆ ನುರಿತ ಅಕ್ಕಸಾಲಿಗರು ನಾಣ್ಯಕ್ಕೆ ಪೆಟ್ಟಾಗದಂತೆ ಬಿಡಿಸಿ, ತೂಗಿ, ಮತ್ತೆ ಕೂರಿಸಬಲ್ಲರು. ಇದನ್ನು ಕಣ್ಣೆದುರೇ ಮಾಡಿಸಬೇಕು. ಅಂಚಿಗೆ ಕೊಂಡಿ ಬೆಸೆದಿದ್ದರೆ ಬಿಡಿಸಲು ಹೋಗಬಾರದು. ಬೆಂಕಿ ತಗುಲಿ ಅಂಚು ಕೆಡುತ್ತದೆ. ಆಗ ಅಳತೆ, ದಪ್ಪ, ಮುಂದೆ ಹೇಳಿರುವ ಪರೀಕ್ಷೆಗಳೇ ದಾರಿ. ತೂತು ಕೊರೆದ ನಾಣ್ಯದಲ್ಲಿ ಆ ತೂತಿನಷ್ಟು ಚಿನ್ನ ಕಡಿಮೆ ಇರುತ್ತದೆ.

ಮನೆಯಲ್ಲೇ ಮಾಡಬಹುದಾದ ನೀರಿನ ಪರೀಕ್ಷೆ

0.01 ಗ್ರಾಂವರೆಗೆ ತೋರಿಸುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ಮೊದಲು ಬಿಡಿ ನಾಣ್ಯವನ್ನು ಒಣಗಿದ್ದಾಗ ತೂಗಿ ಬರೆದುಕೊಳ್ಳಬೇಕು. ನಂತರ ತಕ್ಕಡಿಯ ಮೇಲೆ ನೀರು ತುಂಬಿದ ಸಣ್ಣ ಲೋಟ ಇಟ್ಟು ಸೊನ್ನೆಗೆ ತರಬೇಕು. ನಾಣ್ಯವನ್ನು ತೆಳ್ಳನೆಯ ದಾರಕ್ಕೆ ಕಟ್ಟಿ, ಲೋಟದ ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಕೈಯಲ್ಲೇ ಹಿಡಿಯಬೇಕು. ಮೈಗೆ ಗಾಳಿಗುಳ್ಳೆ ಅಂಟಿರಬಾರದು. ಆಗ ತಕ್ಕಡಿ ತೋರಿಸುವ ಅಂಕಿಯಿಂದ ಒಣ ತೂಕವನ್ನು ಭಾಗಿಸಬೇಕು.

ಅಸಲಿ ಪೂರ್ಣ ಸವರನ್ನಿಗೆ ತಕ್ಕಡಿ ಸುಮಾರು 0.45 ಅಥವಾ 0.46 ತೋರಿಸುತ್ತದೆ. 7.98ನ್ನು ಅದರಿಂದ ಭಾಗಿಸಿದರೆ ಉತ್ತರ 17.5ರ ಆಸುಪಾಸು ಬರುತ್ತದೆ. ಅದೇ ತೂಕದ 18 ಕ್ಯಾರೆಟ್ ಚಿನ್ನಕ್ಕೆ 0.51ರ ಸುತ್ತ, ಬೆಳ್ಳಿಗೆ ಚಿನ್ನದ ನೀರು ಹೊಯ್ದಿದ್ದರೆ 0.77ರ ಸುತ್ತ, ತಾಮ್ರಕ್ಕೆ 0.9ರ ಸುತ್ತ ಬರುತ್ತದೆ. ಕಟ್ಟು ಇರುವ ಪದಕಕ್ಕೆ ಉತ್ತರ ಬೆರಕೆಯಾಗುತ್ತದೆ. ಕಲ್ಲು ಕೂರಿಸಿದ್ದು, ಅರಗು ತುಂಬಿದ್ದು ಇದ್ದರೆ ಈ ಪರೀಕ್ಷೆ ನಡೆಯುವುದಿಲ್ಲ. ಇದು ಚಿನ್ನದ ಪರೀಕ್ಷೆ ಮಾತ್ರ. 22 ಕ್ಯಾರೆಟ್ಟಿನಲ್ಲಿ ಮಾಡಿದ ನಕಲಿ ಇದರಲ್ಲಿ ಪಾಸಾಗುತ್ತದೆ. ಅದನ್ನು ಹಿಡಿಯಬೇಕಾದದ್ದು ಭೂತಗನ್ನಡಿ.

ಪರೀಕ್ಷಾ ಕೇಂದ್ರದಲ್ಲಿ

ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್, ಮಾನ್ಯತೆ ಪಡೆದ ಹಾಲ್‌ಮಾರ್ಕಿಂಗ್ ಕೇಂದ್ರಗಳಲ್ಲಿ ಸಾರ್ವಜನಿಕರು ತಮ್ಮ ಹಳೆಯ ಒಡವೆಯನ್ನು ನೇರವಾಗಿ ಪರೀಕ್ಷೆ ಮಾಡಿಸಬಹುದು. ನಾಲ್ಕು ಒಡವೆಗಳವರೆಗೆ 200 ರೂಪಾಯಿ, ಐದು ಅಥವಾ ಹೆಚ್ಚು ಇದ್ದರೆ ಒಂದಕ್ಕೆ 45 ರೂಪಾಯಿ ಎಂದು ಶುಲ್ಕ ನಿಗದಿಯಾಗಿತ್ತು. ಹೋಗುವ ಮುನ್ನ ಈಗಿನ ದರ ಕೇಳಿಕೊಳ್ಳಬೇಕು. ಕೇಂದ್ರಗಳ ಪಟ್ಟಿ ಬಿಐಎಸ್ ಜಾಲತಾಣದಲ್ಲಿ ಸಿಗುತ್ತದೆ. ಚಿನ್ನದ ಕೆಲಸದವರು ಹೆಚ್ಚಿರುವ ನಗರ್ತಪೇಟೆ, ಚಿಕ್ಕಪೇಟೆಗೆ ರಾಜಾಜಿನಗರದಿಂದ ಹಸಿರು ಮಾರ್ಗದ ಮೆಟ್ರೋ ನೇರವಾಗಿ ಹೋಗುತ್ತದೆ. ಕೆಂಗೇರಿ, ವಿಜಯನಗರದವರು ನೇರಳೆ ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು.

ಕ್ಯಾರೆಟ್ ಯಂತ್ರ ಮೇಲ್ಮೈಯನ್ನು ಮಾತ್ರ ಓದುತ್ತದೆ. ಬೆಸುಗೆಯ ಹತ್ತಿರ ಹಿಡಿದರೆ ಕಡಿಮೆ ತೋರಿಸುತ್ತದೆ, ಲೇಪವಿದ್ದರೆ ಹೆಚ್ಚು ತೋರಿಸುತ್ತದೆ. ಆದ್ದರಿಂದ ನಾಣ್ಯದ ಎರಡೂ ಮಗ್ಗುಲಿನ ನಡುಭಾಗ, ಕಟ್ಟು, ಕೊಂಡಿ ಇವುಗಳನ್ನು ಬೇರೆ ಬೇರೆ ಓದಿಸಿ, ಬೇರೆ ಬೇರೆ ಬರೆಸಿಕೊಳ್ಳಬೇಕು. ಒರೆಗಲ್ಲಿಗೆ ಕಟ್ಟನ್ನು ಉಜ್ಜಲಿ, ನಾಣ್ಯದ ಮುಖವನ್ನು ಬೇಡ.

ಲೆಕ್ಕದಲ್ಲಿ ಎಷ್ಟು ವ್ಯತ್ಯಾಸ?

ಒಂದು ಪದಕದ ಒಟ್ಟು ತೂಕ 10.50 ಗ್ರಾಂ ಎಂದುಕೊಳ್ಳೋಣ. ನಾಣ್ಯ 7.98 ಗ್ರಾಂ, ಕಟ್ಟು 2.52 ಗ್ರಾಂ. ನಾಣ್ಯ 22 ಕ್ಯಾರೆಟ್, ಕಟ್ಟು 18 ಕ್ಯಾರೆಟ್. ಬೇರೆ ಬೇರೆ ಲೆಕ್ಕ ಹಾಕಿದರೆ ಶುದ್ಧ ಚಿನ್ನ 7.32 ಮತ್ತು 1.89, ಒಟ್ಟು ಸುಮಾರು 9.2 ಗ್ರಾಂ. ಕಟ್ಟನ್ನು ಮಾತ್ರ ಒರೆ ಹಚ್ಚಿ ಇಡೀ ಪದಕವನ್ನು 18 ಕ್ಯಾರೆಟ್ ಎಂದರೆ 7.88 ಗ್ರಾಂ. ಮಾರುವವರಿಗೆ ನಷ್ಟ 1.3 ಗ್ರಾಂಗಿಂತ ಹೆಚ್ಚು. ನಾಣ್ಯವನ್ನು ಮಾತ್ರ ನೋಡಿ ಇಡೀ ಪದಕ 22 ಕ್ಯಾರೆಟ್ ಎಂದರೆ 9.6 ಗ್ರಾಂ ಆಗಿ, ಕೊಳ್ಳುವವರಿಗೆ ನಷ್ಟ.

ಹಳೆಯ ನಾಣ್ಯ ಎಂದು ಅತಿಯಾಸೆಯೂ ಬೇಡ. ಐದನೇ ಜಾರ್ಜ್ ಕಾಲದ ಸವರನ್ನುಗಳಲ್ಲಿ ಹೆಚ್ಚಿನವು ಅಪರೂಪವಲ್ಲ. ಕೊಂಡಿ ಬೆಸೆದದ್ದಕ್ಕೆ, ತೂತು ಕೊರೆದದ್ದಕ್ಕೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದಿಲ್ಲ. ಚಿನ್ನದ ಬೆಲೆಯೇ ಅದರ ಬೆಲೆ. ಹಲ್ಲಿನ ಕಟ್ಟಿನಲ್ಲಿ ಕೆಡದೆ ಉಳಿದಿದ್ದು, ಇಸವಿ ಅಪರೂಪದ್ದಾಗಿದ್ದರೆ ಮಾತ್ರ ನಾಣ್ಯ ತಜ್ಞರಿಗೆ ತೋರಿಸಬೇಕು. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎನ್ನುವವರನ್ನು ನಂಬಬಾರದು. ತನ್ನ ಹೆಸರು ಬಳಸಿ ಹೀಗೆ ವಂಚಿಸುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ನೀಡಿದೆ.

ಪಾಲು ಮಾಡುವಾಗ

ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ಉಯಿಲು ಇಲ್ಲದೆ ತಾಯಿ ತೀರಿಕೊಂಡರೆ ಅವರ ಸ್ವಂತ ಒಡವೆಯಲ್ಲಿ ಗಂಡು ಮಕ್ಕಳು, ಹೆಣ್ಣು ಮಕ್ಕಳು, ಪತಿ ಎಲ್ಲರಿಗೂ ಸಮಪಾಲು. "ನಿನಗೊಂದು ಪವನು, ಅವಳಿಗೊಂದು ಪವನು" ಎಂದು ಎಣಿಸಿ ಕೊಟ್ಟರೆ ಸಮವಾಯಿತು ಎಂದು ಹೇಳಲಾಗದು. ಒಂದು ಅಸಲಿ ಸವರನ್ನು, ಇನ್ನೊಂದು 6 ಗ್ರಾಂ ತೂಕದ 20 ಕ್ಯಾರೆಟ್ ಅಚ್ಚಿನ ಕಾಸು ಆದರೆ ಒಬ್ಬಳಿಗೆ 7.32 ಗ್ರಾಂ, ಇನ್ನೊಬ್ಬಳಿಗೆ 5 ಗ್ರಾಂ ಶುದ್ಧ ಚಿನ್ನ ಹೋಗುತ್ತದೆ. ಹತ್ತು ವರ್ಷದ ಮೇಲೆ ತಂಗಿ ಅದನ್ನು ಅಂಗಡಿಗೆ ಒಯ್ದಾಗ ಈ ವಿಷಯ ತಿಳಿದರೆ ಮನಸ್ಸು ಒಡೆಯುತ್ತದೆ. ಅಣ್ಣನಿಗೂ ಗೊತ್ತಿರಲಿಲ್ಲ ಎಂಬುದನ್ನು ಆಗ ಯಾರು ನಂಬುತ್ತಾರೆ? ಪಾಲಿಗೆ ಮುಂಚೆ ಎಲ್ಲರ ಎದುರು ತೂಗಿ, ಪರೀಕ್ಷೆ ಮಾಡಿಸಿ, ಕಡಿಮೆ ಬಂದವರಿಗೆ ಬೇರೆ ಒಡವೆಯಲ್ಲಿ ಸರಿದೂಗಿಸಬೇಕು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ತೂಕ, ಅಳತೆಯ ಹೆಚ್ಚುಕಡಿಮೆಯನ್ನೂ ಪ್ರತಿರೂಪಕ ವ್ಯವಹಾರವನ್ನೂ ಎಣಿಸುತ್ತದೆ. ಅಸಲಿಯಂತೆ ಕಾಣುವುದನ್ನು ಅಸಲಿ ಎಂದು ದಾಟಿಸುವುದೇ ಪ್ರತಿರೂಪಕ. ಇದು ವ್ಯಾಪಾರಿಗೆ ಎಷ್ಟು ಅನ್ವಯಿಸುತ್ತದೋ ಒಡಹುಟ್ಟಿದವರ ನಡುವೆಯೂ ಅಷ್ಟೇ.

ಇನ್ನೆರಡು ಎಚ್ಚರಿಕೆ

100 ವರ್ಷ ತುಂಬಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಖ್ಯೆಗೆ ಸೇರುತ್ತದೆ. ಮನೆಯಲ್ಲಿ ಇಟ್ಟುಕೊಳ್ಳಲು, ಧರಿಸಲು ಅಡ್ಡಿಯಿಲ್ಲ. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ವಿದೇಶದಲ್ಲಿರುವ ಮಕ್ಕಳಿಗೆ ಕೊಟ್ಟು ಕಳಿಸುವ ಮುನ್ನ ಬೆಂಗಳೂರಿನ ಪುರಾತತ್ವ ಸರ್ವೇಕ್ಷಣ ಕಚೇರಿಯಲ್ಲಿ ವಿಚಾರಿಸಬೇಕು. ಮಾರಿದರೆ ಬಂಡವಾಳ ಲಾಭದ ತೆರಿಗೆ ಲೆಕ್ಕಕ್ಕೆ ಬರುತ್ತದೆ. 2001ರ ಏಪ್ರಿಲ್ 1ಕ್ಕಿಂತ ಮೊದಲೇ ಮನೆಯಲ್ಲಿದ್ದ ಒಡವೆಗೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಮೂಲ ಬೆಲೆಯಾಗಿ ಹಿಡಿಯಬಹುದು.

ಹುಣಸೆಹಣ್ಣು, ಟೂತ್‌ಪೇಸ್ಟ್ ಹಚ್ಚಿ ನಾಣ್ಯವನ್ನು ಉಜ್ಜಿ ಹೊಳಪು ಮಾಡಬಾರದು. ಬೆಚ್ಚಗಿನ ನೀರು, ಒಂದು ತೊಟ್ಟು ಸಾಬೂನು, ಮೆತ್ತನೆಯ ಬಟ್ಟೆ ಸಾಕು.

ಕೊನೆಯದಾಗಿ, ಒಂದು ನೋಟ್ ಪುಸ್ತಕದಲ್ಲಿ ಪ್ರತಿ ಕಾಸಿಗೂ ಒಂದು ಪುಟ ಇಡಬೇಕು: ಯಾರ ತಲೆ, ಇಸವಿ, ಟಂಕಸಾಲೆಯ ಅಕ್ಷರ, ಅಡ್ಡಳತೆ, ಕಟ್ಟಿನೊಡನೆ ತೂಕ, ಬಿಡಿ ತೂಕ ತಿಳಿದಿದ್ದರೆ ಅದು, ಪರೀಕ್ಷೆಯ ದಿನ ಮತ್ತು ಫಲಿತಾಂಶ, ಎರಡೂ ಮಗ್ಗುಲಿನ ಫೋಟೋ, ಯಾರಿಂದ ಬಂದದ್ದು. ಅಚ್ಚಿನ ಕಾಸಾಗಿದ್ದರೆ ಅಚ್ಚಿನ ಕಾಸು ಎಂದೇ ಬರೆಯಬೇಕು. ಅಜ್ಜಿ ಪ್ರೀತಿಯಿಂದ ಧರಿಸಿದ್ದು ಅದರಿಂದ ಕಡಿಮೆಯಾಗುವುದಿಲ್ಲ. ಮೊಮ್ಮಕ್ಕಳ ನಡುವೆ ಜಗಳಕ್ಕೂ ಕಾರಣ ಉಳಿಯುವುದಿಲ್ಲ.